ಲಿಪೊಪ್ರೋಟೀನ್, ಅಪಧಮನಿ ಕಾಠಿಣ್ಯ ಮತ್ತು ವೈರಾಣು ಪ್ರವೇಶ: ವಿಜ್ಞಾನಿ ಮಾಂಟಿ ಕ್ರೀಗರ್ ಅವರ ಸಂಶೋಧನೆ

ಪೀಠಿಕೆ
ರಕ್ತದ ಕೊಬ್ಬಿನ ಪರೀಕ್ಷಾ ವರದಿಯಲ್ಲಿ ಎಲ್.ಡಿ.ಎಲ್. ಮತ್ತು ಎಚ್.ಡಿ.ಎಲ್. ಎಂಬ ಅಂಶಗಳನ್ನು ನಮೂದಿಸಲಾಗುತ್ತದೆ. ಎಚ್.ಡಿ.ಎಲ್. ಅನ್ನು ‘ಒಳ್ಳೆಯ ಕೊಲೆಸ್ಟ್ರಾಲ್’ ಎಂದು ಕರೆಯುವುದು ವಾಡಿಕೆ. ಅದು ದೇಹದಲ್ಲಿ ಕಾರ್ಯನಿರ್ವಹಿಸುವ ಬಗೆಯನ್ನು ಅರಿಯಲು ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿ ಮಾಂಟಿ ಕ್ರೀಗರ್ ಅವರ ಸಂಶೋಧನೆಯು ನೆರವಾಗಿದೆ.

ಲಿಪೊಪ್ರೋಟೀನ್ ಎಂದರೇನು?
ಕೊಬ್ಬು ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಅದು ಪ್ರೋಟೀನಿನೊಡನೆ ಕೂಡಿದ ಸೂಕ್ಷ್ಮ ಕಣಗಳಾಗಿ ರಕ್ತದಲ್ಲಿ ಸಾಗುತ್ತದೆ. ಈ ಕಣಗಳೇ ಲಿಪೊಪ್ರೋಟೀನುಗಳು. ಎಲ್.ಡಿ.ಎಲ್. ಅಧಿಕವಾದಲ್ಲಿ ಕೊಲೆಸ್ಟ್ರಾಲ್ ಅಪಧಮನಿಗಳ ಒಳಗೋಡೆಯಲ್ಲಿ ಶೇಖರಗೊಂಡು ರಕ್ತದ ಹಾದಿ ಕಿರಿದಾಗುತ್ತದೆ. ಇದೇ ಅಪಧಮನಿ ಕಾಠಿಣ್ಯ. ಹೃದಯಾಘಾತಕ್ಕೂ ಪಾರ್ಶ್ವವಾಯುವಿಗೂ ಇದು ಪ್ರಮುಖ ಕಾರಣ.

ಸಂಶೋಧನೆಯ ಹಂತಗಳು
ಜೀವಕೋಶಗಳು ಎಲ್.ಡಿ.ಎಲ್. ಅನ್ನು ಸ್ವೀಕರಿಸುವ ಗ್ರಾಹಕವನ್ನು ಪತ್ತೆಮಾಡಿದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಅವರ ಪ್ರಯೋಗಾಲಯದಲ್ಲಿ ತರಬೇತಿ ಪಡೆದ ಕ್ರೀಗರ್ ಅವರ ತಂಡವು 1996ರಲ್ಲಿ ಎಚ್.ಡಿ.ಎಲ್.ನ ಗ್ರಾಹಕವನ್ನು ಗುರುತಿಸಿತು. ಇದರ ಹೆಸರು ಎಸ್.ಆರ್.-ಬಿ1. ಯಕೃತ್ತಿನಲ್ಲಿರುವ ಈ ಗ್ರಾಹಕವು ಎಚ್.ಡಿ.ಎಲ್. ಕಣವನ್ನು ಪೂರ್ಣವಾಗಿ ನುಂಗದೆ, ಅದರಲ್ಲಿನ ಕೊಲೆಸ್ಟ್ರಾಲನ್ನು ಮಾತ್ರ ಇಳಿಸಿಕೊಂಡು ಕಣವನ್ನು ಮರಳಿ ರಕ್ತಕ್ಕೆ ಬಿಡುತ್ತದೆ.

ಈ ಗ್ರಾಹಕ ಹಾಗೂ ಅಪೊ-ಇ ಎಂಬ ಪ್ರೋಟೀನ್ ಎರಡೂ ಇಲ್ಲದ ಇಲಿಗಳ ಕುರಿತ ವರದಿ 2002ರಲ್ಲಿ ಪ್ರಕಟವಾಯಿತು. ಅವುಗಳ ಹೃದಯದ ರಕ್ತನಾಳಗಳು ಕಟ್ಟಿಕೊಂಡು, ಸುಮಾರು 6 ವಾರಗಳ ಪ್ರಾಯದಲ್ಲಿಯೇ ಅವು ಸಾವಿಗೀಡಾಗುತ್ತಿದ್ದವು.

ಸಂಖ್ಯೆಯೊಂದೇ ರಕ್ಷಣೆಯಲ್ಲ
ಎಚ್.ಡಿ.ಎಲ್. ಪ್ರಮಾಣವನ್ನು ಏರಿಸುತ್ತಿದ್ದ ಟಾರ್ಸೆಟ್ರಾಪಿಬ್ ಎಂಬ ಔಷಧದ ಪ್ರಯೋಗವನ್ನು, ಅದನ್ನು ಪಡೆದವರಲ್ಲಿ ಸಾವುಗಳು ಹೆಚ್ಚಿದ ಕಾರಣ, 2006ರಲ್ಲಿ ಸ್ಥಗಿತಗೊಳಿಸಲಾಯಿತು. ಎಸ್.ಆರ್.-ಬಿ1 ಜೀನಿನಲ್ಲಿ ಒಂದು ಅಪರೂಪದ ದೋಷವುಳ್ಳವರಲ್ಲಿ ಎಚ್.ಡಿ.ಎಲ್. ಅಧಿಕವಾಗಿದ್ದರೂ ಹೃದ್ರೋಗದ ಅಪಾಯವೂ ಅಧಿಕವಾಗಿರುವುದು 2016ರಲ್ಲಿ ತಿಳಿದುಬಂದಿತು. ರಕ್ತದಲ್ಲಿ ಎಚ್.ಡಿ.ಎಲ್. ಎಷ್ಟಿದೆ ಎಂಬುದಕ್ಕಿಂತ, ಅದು ಹೊತ್ತ ಕೊಲೆಸ್ಟ್ರಾಲ್ ಯಕೃತ್ತನ್ನು ಸೇರುತ್ತಿದೆಯೇ ಎಂಬುದೇ ಮುಖ್ಯವೆಂದು ಇದರಿಂದ ಸ್ಪಷ್ಟವಾಗುತ್ತದೆ.

ವೈರಾಣುವಿಗೂ ಅದೇ ಬಾಗಿಲು
ಹೆಪಟೈಟಿಸ್-ಸಿ ವೈರಾಣು ಯಕೃತ್ತಿನ ಕೋಶವನ್ನು ಪ್ರವೇಶಿಸಲು ಎಸ್.ಆರ್.-ಬಿ1 ಗ್ರಾಹಕವನ್ನೂ ಬಳಸುತ್ತದೆ. ಈ ಸಂಬಂಧವನ್ನು 2002ರಲ್ಲಿ ಬೇರೊಂದು ಸಂಶೋಧಕರ ತಂಡವು ಕಂಡುಹಿಡಿಯಿತು. ರಕ್ತದಲ್ಲಿ ಈ ವೈರಾಣು ಲಿಪೊಪ್ರೋಟೀನುಗಳೊಡನೆ ಬೆರೆತು ಸಂಚರಿಸುತ್ತದೆ. ಪ್ರವೇಶಕ್ಕೆ ಸಿ.ಡಿ.81 ಮೊದಲಾದ ಇತರ ಪ್ರೋಟೀನುಗಳೂ ಅಗತ್ಯ.

ಸಾರ್ವಜನಿಕರ ಗಮನಕ್ಕೆ
1. ಎಚ್.ಡಿ.ಎಲ್. ಹೆಚ್ಚಿದೆ ಎಂಬ ಕಾರಣಕ್ಕೆ ಎಲ್.ಡಿ.ಎಲ್., ರಕ್ತದೊತ್ತಡ, ಮಧುಮೇಹ ಹಾಗೂ ಧೂಮಪಾನವನ್ನು ಕಡೆಗಣಿಸತಕ್ಕದ್ದಲ್ಲ.
2. ವೈದ್ಯರ ಸಲಹೆಯಿಲ್ಲದೆ ಕೊಲೆಸ್ಟ್ರಾಲ್ ಔಷಧಗಳನ್ನು ಆರಂಭಿಸಬಾರದು ಅಥವಾ ನಿಲ್ಲಿಸಬಾರದು.
3. ಹೆಪಟೈಟಿಸ್-ಸಿ ರೋಗಕ್ಕೆ ಲಸಿಕೆ ಇಲ್ಲ. ಆದರೆ ಮಾತ್ರೆಗಳಿಂದ ಬಹುತೇಕ ರೋಗಿಗಳು ಗುಣಮುಖರಾಗುತ್ತಾರೆ. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಇದರ ಪರೀಕ್ಷೆ ಮತ್ತು ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಲಾಗುತ್ತದೆ.