ಲಾರಿಗೆ ಓವರ್‌ಲೋಡ್: ಮಾಲು ತುಂಬಿಸುವ ಮುನ್ನ ಇಷ್ಟು ನೋಡಿಕೊಳ್ಳಿ

‘ಇನ್ನೊಂದು ಹತ್ತು ಮೂಟೆ ತಾನೇ, ಹಾಕ್ರಿ’ ಎನ್ನುವ ಮುನ್ನ ಅಂಗಡಿಯವರು ಲಾರಿಯ ಆರ್‌ಸಿ ನೋಡುವುದು ಒಳ್ಳೆಯದು. ಅದರಲ್ಲಿ ಎರಡು ತೂಕ ಇರುತ್ತದೆ: ಖಾಲಿ ಗಾಡಿಯದ್ದು, ಲೋಡ್ ಸೇರಿದ ಒಟ್ಟು ತೂಕ. ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ ಎಷ್ಟು ಮಾಲು ಹಾಕಬಹುದು ಎಂಬುದು ಹೆಚ್ಚೂಕಡಿಮೆ ಗೊತ್ತಾಗುತ್ತದೆ.

ದಂಡ ಎಷ್ಟು?
2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡ್‌ಗೆ ರೂ. 20,000 ದಂಡ, ಜೊತೆಗೆ ಹೆಚ್ಚುವರಿ ಪ್ರತಿ ಟನ್‌ಗೆ ರೂ. 2,000. ಅಂದರೆ 12 ಟನ್ ಹಾಕಬೇಕಾದ ಲಾರಿಗೆ 15 ಟನ್ ಹಾಕಿದರೆ ರೂ. 26,000. ಹೆಚ್ಚುವರಿ ಮಾಲು ಇಳಿಸುವವರೆಗೆ ಗಾಡಿ ಮುಂದೆ ಹೋಗುವಂತಿಲ್ಲ, ಇಳಿಸುವ ಖರ್ಚೂ ತಪ್ಪಿತಸ್ಥರದ್ದೇ. ಗಾಡಿ ನಿಲ್ಲಿಸಿ ತೂಕಕ್ಕೆ ಒಪ್ಪದ ಡ್ರೈವರ್‌ಗೆ ರೂ. 40,000 ದಂಡ.

ಕಬ್ಬಿಣದ ಸರಳು, ಪೈಪು, ಹುಲ್ಲು ಸಾಗಿಸುವವರು ಗಮನಿಸಿ: ತೂಕ ಸರಿಯಿದ್ದರೂ ಮಾಲು ಮಿತಿ ಮೀರಿ ಹೊರಚಾಚಿದರೆ ರೂ. 20,000 ದಂಡವಿದೆ.

ಡ್ರೈವರ್ ಒಬ್ಬನೇ ಹೊಣೆಯಲ್ಲ
ಗಾಡಿ ಓಡಿಸಿದವರಷ್ಟೇ ಅಲ್ಲ, ಓಡಿಸಲು ಕಾರಣರಾದವರು, ಬಿಟ್ಟವರು ಕೂಡ ದಂಡಕ್ಕೆ ಗುರಿಯಾಗುತ್ತಾರೆ. ಹೀಗಾಗಿ ‘ಡ್ರೈವರ್ ನೋಡ್ಕೋತಾನೆ’ ಎಂಬ ಮಾತು ನಡೆಯದು.

ದಂಡಕ್ಕಿಂತ ದೊಡ್ಡದು ಜೀವ. ಭಾರ ಹೆಚ್ಚಿದಷ್ಟೂ ಬ್ರೇಕ್ ಹಾಕಿದ ಮೇಲೆ ಗಾಡಿ ನಿಲ್ಲಲು ಹೆಚ್ಚು ದೂರ ಬೇಕು. ಘಾಟ್ ಇಳಿಜಾರಿನಲ್ಲಿ ಬ್ರೇಕ್ ಕಾದು ಹಿಡಿತ ತಪ್ಪುತ್ತದೆ, ಟೈರ್ ಸಿಡಿಯುವ ಭಯವೂ ಇರುತ್ತದೆ.

ಲೋಡ್ ಆದ ಕೂಡಲೇ ವೇ ಬ್ರಿಡ್ಜ್‌ನಲ್ಲಿ ತೂಕ ಹಾಕಿಸಿ, ಚೀಟಿ ಇಟ್ಟುಕೊಳ್ಳಿ. ಹೆಚ್ಚಿದ್ದರೆ ಅಲ್ಲೇ ಇಳಿಸಿ, ಇನ್ನೊಂದು ಟ್ರಿಪ್ ಮಾಡಿಸಿ.