ಪೋಲಿಯೊ, ಟಸ್ಕೆಗಿ ಮತ್ತು ನಾವು



ಸ್ವಲ್ಪ ಉದ್ದದ ಪೋಸ್ಟು. ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ಹೋದ ಸಲದ ಪೋಲಿಯೊ ಭಾನುವಾರ ನಮ್ಮ ಸಂಘಟನೆಯ ಒಬ್ಬ ಹುಡುಗ ತನ್ನ ಮಗುವಿಗೆ ಹನಿ ಹಾಕಿಸಲಿಲ್ಲ. ಆಶಾ ಕಾರ್ಯಕರ್ತೆ ಎರಡು ಸಲ ಮನೆ ಬಾಗಿಲಿಗೆ ಬಂದರೂ ವಾಪಸ್ ಕಳಿಸಿದ. ಯಾಕಪ್ಪಾ ಅಂತ ಕೇಳಿದ್ದಕ್ಕೆ, "ಅಣ್ಣಾ, ಟಸ್ಕೆಗಿಯಲ್ಲಿ ಕಪ್ಪು ಜನಕ್ಕೆ ಏನ್ ಮಾಡಿದ್ರು ಅಂತ ಕ್ಯಾಂಪಲ್ಲಿ ನೀವೇ ಅಲ್ವಾ ಹೇಳಿದ್ದು?" ಅಂದ.

ಹೌದು, ಹೇಳಿದ್ದು ನಾನೇ. 1946ರಲ್ಲಿ ಬಾಬಾಸಾಹೇಬರು ಅಮೆರಿಕದ ಕಪ್ಪು ಚಿಂತಕ ಡು ಬೋಯ್ಸ್ ಅವರಿಗೆ ಪತ್ರ ಬರೆದಿದ್ದನ್ನು ಹೇಳುತ್ತಾ, ಆ ಜನರ ಚರಿತ್ರೆ ನಾವು ಓದಲೇಬೇಕು ಅಂದಿದ್ದೆ. ಆಮೇಲೆ ಟಸ್ಕೆಗಿ ಕಥೆ ಹೇಳಿದ್ದೆ. ಅಲಬಾಮ ರಾಜ್ಯದ ಟಸ್ಕೆಗಿ ಸುತ್ತಮುತ್ತ 1932ರಿಂದ 1972ರವರೆಗೆ, 40 ವರ್ಷ, ಸರ್ಕಾರದ ಆರೋಗ್ಯ ಇಲಾಖೆಯೇ ಸುಮಾರು 600 ಕಪ್ಪು ಗಂಡಸರ ಮೇಲೆ ಪ್ರಯೋಗ ನಡೆಸಿತು. ಅವರಲ್ಲಿ 399 ಜನಕ್ಕೆ ಸಿಫಿಲಿಸ್ ಇತ್ತು. ನಿಮಗೆ ರಕ್ತ ಕೆಟ್ಟಿದೆ, ಪುಕ್ಕಟೆ ಔಷಧಿ ಕೊಡ್ತೀವಿ ಅಂತ ನಂಬಿಸಿದರು. ಪೆನಿಸಿಲಿನ್ ಬಂದಮೇಲೂ ಕೊಡಲಿಲ್ಲ. ರೋಗ ಮನುಷ್ಯನನ್ನು ಹೇಗೆ ತಿನ್ನುತ್ತೆ ಅಂತ ನೋಡುತ್ತಾ ಕೂತರು.

ಇದು ಸತ್ಯ. ಇದರಲ್ಲಿ ಒಂದಕ್ಷರವೂ ವಾಪಸ್ ತಗೊಳ್ಳಲ್ಲ. ಆದರೆ ನಾನು ಅರ್ಧ ಚರಿತ್ರೆ ಮಾತ್ರ ಹೇಳಿದ್ದೆ ಅಂತ ಆ ಹುಡುಗನ ಮುಂದೆ ನಿಂತಾಗ ಗೊತ್ತಾಯ್ತು. ಅದೇ ಟಸ್ಕೆಗಿಯಲ್ಲಿ, ಅದೇ ವರ್ಷಗಳಲ್ಲಿ ಇನ್ನೊಂದು ಕೆಲಸ ನಡೀತಿತ್ತು. ಅದು ಪೋಲಿಯೊ ಕೆಲಸ.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ ಪೋಲಿಯೊ ಬಂದು ಕಾಲು ಹೋಯಿತು. ಅವರು ಜಾರ್ಜಿಯಾದ ವಾರ್ಮ್ ಸ್ಪ್ರಿಂಗ್ಸ್ ಅನ್ನೋ ಬಿಸಿನೀರಿನ ಬುಗ್ಗೆಗಳ ಜಾಗದಲ್ಲಿ ಪೋಲಿಯೊ ರೋಗಿಗಳ ಚಿಕಿತ್ಸಾ ಕೇಂದ್ರ ಕಟ್ಟಿಸಿದರು. 1934ರಿಂದ ಅಧ್ಯಕ್ಷರ ಹುಟ್ಟುಹಬ್ಬಕ್ಕೆ ಊರೂರಲ್ಲಿ ನೃತ್ಯಕೂಟ ನಡೆಸಿ ಚಂದಾ ಎತ್ತುತ್ತಿದ್ದರು. ಕಪ್ಪು ಜನರೂ ಚಂದಾ ಕೊಟ್ಟರು. ಆದರೆ ಅವರ ಮಕ್ಕಳಿಗೆ ಪೋಲಿಯೊ ಬಂದರೆ ವಾರ್ಮ್ ಸ್ಪ್ರಿಂಗ್ಸ್‌ನಲ್ಲಿ ಜಾಗ ಇರಲಿಲ್ಲ. ಅದು ಬಿಳಿಯರಿಗೆ ಮಾತ್ರ. ಕಪ್ಪು ಜನ ಅಲ್ಲಿ ಕೆಲಸದಾಳುಗಳು. ನಮಗೇನು ಇದು ಹೊಸದಾ? ಊರಹಬ್ಬಕ್ಕೆ ವಂತಿಗೆ ಎತ್ತುವಾಗ ನಮ್ಮ ಕೇರಿಗೂ ಬರ್ತಾರೆ. ತೇರು ಮಾತ್ರ ನಮ್ಮ ಕೇರಿಗೆ ಬರಲ್ಲ.

ಇದಕ್ಕೆ ಒಂದು ವೈದ್ಯಕೀಯ ಸಮರ್ಥನೆಯೂ ಇತ್ತು. ಕಪ್ಪು ಜನಕ್ಕೆ ಪೋಲಿಯೊ ಅಷ್ಟಾಗಿ ಬರಲ್ಲ, ಅವರ ಮೈಯೇ ಬೇರೆ ಥರ ಅಂತ ಓದಿದ ಬಿಳಿ ಡಾಕ್ಟರುಗಳು ಬರೆದರು. ಅಸಲಿ ವಿಷಯ ಏನಪ್ಪಾ ಅಂದ್ರೆ, ಕಪ್ಪು ಜನರ ಹಳ್ಳಿಗಳಿಗೆ ಡಾಕ್ಟರೇ ಹೋಗುತ್ತಿರಲಿಲ್ಲ. ಆಸ್ಪತ್ರೆ ಬಾಗಿಲು ಮುಚ್ಚಿತ್ತು. ಕಾಲು ಬಿದ್ದುಹೋದ ಮಗು ಮನೆಯ ಮೂಲೆಯಲ್ಲಿ ತೆವಳುತ್ತಿತ್ತು, ಲೆಕ್ಕಕ್ಕೇ ಬರುತ್ತಿರಲಿಲ್ಲ. ಎಣಿಸದೇ ಇರೋದು, ಆಮೇಲೆ ಇವರಲ್ಲಿ ಇಲ್ಲ ಅನ್ನೋದು!

ಇದನ್ನ ಓದುವಾಗ ಆಫೀಸಿನ ಒಂದು ಮಾತು ನೆನಪಾಯ್ತು. ಮ್ಯಾನ್‌ಹೋಲ್‌ಗೆ ಇಳಿದವರು ಸತ್ತ ಸುದ್ದಿ ಪೇಪರಲ್ಲಿ ಬಂದ ದಿನ, ಪಕ್ಕದ ಟೇಬಲಿನವರು ಹೇಳಿದ್ದರು: "ನಿಮ್ಮೋರ್ದು ಗಟ್ಟಿ ಜೀವ ಕಣ್ರೀ, ಅಷ್ಟು ಸುಲಭಕ್ಕೆ ಏನೂ ಆಗಲ್ಲ ಅನ್ಕೊಂಡಿದ್ದೆ." ಕರುಣೆಯಿಂದಲೇ ಹೇಳಿದ್ದು. ಆ ಕರುಣೆಯ ಒಳಗೂ ಅದೇ ಸಿದ್ಧಾಂತ ಕೂತಿದೆ.

ಕಪ್ಪು ಪತ್ರಿಕೆಗಳು, ಕಪ್ಪು ವೈದ್ಯರು ಸುಮ್ಮನಿರಲಿಲ್ಲ. 1936ರ ಚುನಾವಣೆಯ ಹೊತ್ತಿಗೆ ವಾರ್ಮ್ ಸ್ಪ್ರಿಂಗ್ಸ್ ವಿಷಯ ರೂಸ್‌ವೆಲ್ಟ್‌ಗೆ ಮುಜುಗರ ಆಗುವಷ್ಟು ಬೆಳೆಯಿತು. 1938ರಲ್ಲಿ ಪೋಲಿಯೊ ವಿರುದ್ಧ ರಾಷ್ಟ್ರೀಯ ಪ್ರತಿಷ್ಠಾನ ಶುರುವಾಯಿತು. ಮರುವರ್ಷ ಅದು ಟಸ್ಕೆಗಿಯಲ್ಲಿ ಕಪ್ಪು ಮಕ್ಕಳಿಗೆ ಪೋಲಿಯೊ ಕೇಂದ್ರ ಕಟ್ಟಲು ಹಣ ಘೋಷಿಸಿತು. 1941ರ ಜನವರಿಯಲ್ಲಿ ಕೇಂದ್ರ ತೆರೆಯಿತು. 36 ಹಾಸಿಗೆ. ಮುಖ್ಯಸ್ಥರು ಜಾನ್ ಶೆನಾಲ್ಟ್ ಅನ್ನೋ ಕಪ್ಪು ಮೂಳೆ ತಜ್ಞ. ಬಿಳಿಯರ ಬಾಗಿಲು ತೆರೆಯುವ ಬದಲು ಬೇರೆ ಮನೆ ಕಟ್ಟಿಕೊಟ್ಟರು, ನಿಜ. ಆದರೆ ಆ ಮನೆಯಲ್ಲಿ ಕಪ್ಪು ವೈದ್ಯರು, ನರ್ಸುಗಳು ತರಬೇತಾದರು. ಮುಂದೆ ಅದು ಕೆಲಸಕ್ಕೆ ಬಂತು.

ಈಗ ಇನ್ನೊಬ್ಬ ತಾಯಿಯ ವಿಷಯ. ಹೆನ್ರಿಯೆಟಾ ಲ್ಯಾಕ್ಸ್. ವರ್ಜೀನಿಯಾದ ತಂಬಾಕು ಹೊಲಗಳಲ್ಲಿ ದುಡಿದು ಬೆಳೆದವಳು, ಐದು ಮಕ್ಕಳ ತಾಯಿ. 1951ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಅಂತ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಕರಿಯರ ವಾರ್ಡಿಗೆ ಸೇರಿದಳು. ಅವಳನ್ನು ಕೇಳದೆ ಗಡ್ಡೆಯ ಚೂರು ತೆಗೆದು ಲ್ಯಾಬಿಗೆ ಕೊಟ್ಟರು. ಮನುಷ್ಯರ ಜೀವಕೋಶ ಮೈಯಿಂದ ಹೊರಗೆ ಬಹಳ ದಿನ ಬದುಕುತ್ತಿರಲಿಲ್ಲ. ಇವಳದ್ದು ಸಾಯಲೇ ಇಲ್ಲ, ಬೆಳೆಯುತ್ತಲೇ ಹೋಯಿತು. ಅದೇ ಅಕ್ಟೋಬರ್ 4ರಂದು ಅವಳು ತೀರಿಹೋದಳು. 31 ವರ್ಷ. ಕೋಶಗಳಿಗೆ ಹೀಲಾ ಅಂತ ಹೆಸರಿಟ್ಟರು. ಮನೆಯವರಿಗೆ ಈ ವಿಷಯ ಗೊತ್ತಾಗಲು 20 ವರ್ಷದ ಮೇಲಾಯಿತು.

1952ರಲ್ಲಿ ಅಮೆರಿಕದಲ್ಲಿ ಸುಮಾರು 58 ಸಾವಿರ ಜನಕ್ಕೆ ಪೋಲಿಯೊ ಬಂತು, 3 ಸಾವಿರಕ್ಕೂ ಹೆಚ್ಚು ಜನ ಸತ್ತರು. ಜೋನಾಸ್ ಸಾಲ್ಕ್ ಲಸಿಕೆ ತಯಾರಿಸಿದ್ದರು. ಅದು ಕೆಲಸ ಮಾಡುತ್ತಾ ಅಂತ ಲಕ್ಷಾಂತರ ಮಕ್ಕಳಲ್ಲಿ ಪರೀಕ್ಷೆ ಮಾಡಬೇಕಿತ್ತು.

ಇಲ್ಲಿ ಒಂದು ತಿದ್ದುಪಡಿ. ಪೋಲಿಯೊ ಲಸಿಕೆ ಹೆನ್ರಿಯೆಟಾ ಕೋಶದಿಂದಲೇ ಮಾಡಿದ್ದು ಅಂತ ನಮ್ಮವರೇ ಪೋಸ್ಟ್ ಹಾಕ್ತಾರೆ. ತಪ್ಪು. ಸಾಲ್ಕ್ ಲಸಿಕೆಗೆ ವೈರಸ್ ಬೆಳೆಸಿದ್ದು ಕೋತಿಯ ಮೂತ್ರಪಿಂಡದ ಕೋಶದಲ್ಲಿ. ಹೀಲಾ ಬೇಕಾಗಿದ್ದು ಪರೀಕ್ಷೆಗೆ. ಲಸಿಕೆ ಹಾಕಿಸಿಕೊಂಡ ಮಗುವಿನ ರಕ್ತದ ಸೀರಂ, ಪೋಲಿಯೊ ವೈರಸ್, ಎರಡನ್ನೂ ಸೇರಿಸಿ ಹೀಲಾ ಕೋಶಗಳ ಮೇಲೆ ಹಾಕೋದು. ಕೋಶ ಸತ್ತರೆ ಮಗುವಿಗೆ ರಕ್ಷಣೆ ಇಲ್ಲ. ಉಳಿದರೆ ರಕ್ಷಣೆ ಬಂದಿದೆ. ಕೋತಿ ಕೋಶದಲ್ಲಿ ಇದನ್ನು ಮಾಡೋದು ದುಬಾರಿ. ಹೀಲಾ ಎಷ್ಟು ಬೇಕಾದರೂ ಬೆಳೆಯುತ್ತಿತ್ತು.

ಅಷ್ಟೊಂದು ಕೋಶ ಬೆಳೆಸೋರು ಯಾರು? ಪ್ರತಿಷ್ಠಾನದಲ್ಲಿ ಚಾರ್ಲ್ಸ್ ಬೈನಮ್ ಅನ್ನೋ ಕಪ್ಪು ಅಧಿಕಾರಿ ಇದ್ದರು. ಟಸ್ಕೆಗಿಗೇ ಕೊಡಿ, ನಮ್ಮ ಹುಡುಗರಿಗೆ ಕೆಲಸವೂ ಸಿಗುತ್ತೆ, ವಿಜ್ಞಾನದ ತರಬೇತಿಯೂ ಸಿಗುತ್ತೆ ಅಂತ ಪಟ್ಟು ಹಿಡಿದರು. ರಸೆಲ್ ಬ್ರೌನ್, ಜೇಮ್ಸ್ ಹೆಂಡರ್ಸನ್ ಅನ್ನೋ ಇಬ್ಬರು ಕಪ್ಪು ವಿಜ್ಞಾನಿಗಳು ಮಿನೆಸೋಟಾಗೆ ಹೋಗಿ ಕಲಿತು ಬಂದರು. ಅಲಬಾಮದ ಬಿಸಿಲಿಗೆ ಕೋಶ ಸಾಯದ ಹಾಗೆ ಸಾಗಿಸೋ ಪೆಟ್ಟಿಗೆಯಿಂದ ಹಿಡಿದು ಎಲ್ಲವನ್ನೂ ಹೊಂದಿಸಿದರು. ಗಂಡಸರು, ಹೆಣ್ಣುಮಕ್ಕಳು ಸೇರಿ ದುಡಿದರು. ಜೋರು ಕೆಲಸದ ದಿನಗಳಲ್ಲಿ ವಾರಕ್ಕೆ 20 ಸಾವಿರ ಟ್ಯೂಬು ಕಳಿಸುತ್ತಿದ್ದರು. 1955ರ ಹೊತ್ತಿಗೆ ಸುಮಾರು 6 ಲಕ್ಷ ಆಗಿತ್ತು.

1954ರಲ್ಲಿ ಸುಮಾರು 18 ಲಕ್ಷ ಮಕ್ಕಳು ಆ ಪರೀಕ್ಷೆಯಲ್ಲಿ ಭಾಗವಹಿಸಿದರು. 1955ರ ಏಪ್ರಿಲ್ 12ರಂದು ಲಸಿಕೆ ಗೆದ್ದಿತು ಅಂತ ಘೋಷಣೆಯಾಯಿತು. ಚರ್ಚುಗಳಲ್ಲಿ ಗಂಟೆ ಬಾರಿಸಿದರು. ಸಾಲ್ಕ್ ಹೆಸರು ಜಗತ್ತಿಗೆಲ್ಲಾ ಗೊತ್ತಾಯ್ತು. ಬ್ರೌನ್, ಹೆಂಡರ್ಸನ್ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಅಲಬಾಮದ ಮಾಂಟ್‌ಗೊಮರಿಯಲ್ಲಿ ರೋಸಾ ಪಾರ್ಕ್ಸ್ ಬಸ್ಸಿನ ಸೀಟು ಬಿಟ್ಟು ಏಳಲ್ಲ ಅಂದಳು. ಅವಳು ಹುಟ್ಟಿದ ಊರು ಟಸ್ಕೆಗಿ.

ಒಂದೇ ಊರಲ್ಲಿ ಒಂದು ಕಡೆ ಔಷಧಿ ಬಚ್ಚಿಟ್ಟು ಕಪ್ಪು ಗಂಡಸರನ್ನು ಸಾಯಲು ಬಿಟ್ಟರು. ಇನ್ನೊಂದು ಕಡೆ ಕಪ್ಪು ಕೈಗಳೇ ಲೋಕದ ಮಕ್ಕಳ ಕಾಲು ಉಳಿಸಿದವು. ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡರೆ ನಾವು ಯಾವಾಗಲೂ ಬಲಿಪಶುಗಳೇ. ವಿಜ್ಞಾನ ಅವರದ್ದು, ನಮಗೆ ಭಯ ಮಾತ್ರ ಅಂತಾಗುತ್ತೆ. ಹಾಗಲ್ಲ. ವಿಜ್ಞಾನದಲ್ಲಿ ನಮ್ಮ ದುಡಿಮೆಯೂ ಇದೆ. ಅದರ ಫಲದಲ್ಲಿ ಪಾಲು ಕೇಳಬೇಕು, ಬಿಟ್ಟುಕೊಡಬಾರದು.

ನಮ್ಮ ದೇಶಕ್ಕೆ ಬನ್ನಿ. 1988ರಲ್ಲಿ ಪೋಲಿಯೊ ಅಳಿಸಬೇಕು ಅಂತ ವಿಶ್ವ ಆರೋಗ್ಯ ಸಭೆ ತೀರ್ಮಾನಿಸಿದಾಗ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳಿಗೆ ಲಕ್ವ ಹೊಡೆಯುತ್ತಿತ್ತು. ಈ ವೈರಸ್ ಹರಡೋದು ಮಲದಿಂದ. ಚರಂಡಿ ಇಲ್ಲದ, ಒಳ್ಳೆ ನೀರಿಲ್ಲದ ಕೇರಿಯ ಮಗುವನ್ನೇ ಅದು ಮೊದಲು ಹುಡುಕೋದು. ಉತ್ತರ ಪ್ರದೇಶದಲ್ಲಿ ಹನಿ ಹಾಕಿಸಿದರೆ ಮಕ್ಕಳಾಗಲ್ಲ ಅನ್ನೋ ಸುದ್ದಿ ಮುಸ್ಲಿಂ ಮೊಹಲ್ಲಾಗಳಲ್ಲಿ ಹಬ್ಬಿತು. ಜನ ದಡ್ಡರಾಗಿದ್ದಕ್ಕಲ್ಲ. ತುರ್ತು ಪರಿಸ್ಥಿತಿಯಲ್ಲಿ ಬಡವರನ್ನು ಹಿಡಿದು ಆಪರೇಷನ್ ಮಾಡಿದ್ದು ನೆನಪಿತ್ತು. ಬೈದು, ಹೆದರಿಸಿ ಆ ಭಯ ಹೋಗಲಿಲ್ಲ. ಅದೇ ಓಣಿಯ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಕೂತು ಮಾತಾಡಿದರು. ಇಟ್ಟಿಗೆ ಭಟ್ಟಿ, ವಲಸೆ ಕೂಲಿಗಳ ಗುಡಿಸಲು, ಎಲ್ಲವನ್ನೂ ಎಣಿಸಿದರು. ಎಣಿಸಿದ್ದೇ ಗೆಲುವು. ಭಾರತದಲ್ಲಿ ವೈಲ್ಡ್ ಪೋಲಿಯೊದ ಕೊನೆ ಪ್ರಕರಣ ಸಿಕ್ಕಿದ್ದು 2011ರ ಜನವರಿ 13ರಂದು, ಹೌರಾದಲ್ಲಿ. 2014ರ ಮಾರ್ಚ್ 27ರಂದು ಪ್ರಮಾಣಪತ್ರ ಬಂತು.

ಮುಚ್ಚಿಡೋದು ಬೇಡ: ಬಾಯಿಗೆ ಹಾಕೋ ಹನಿಯಲ್ಲಿ ದುರ್ಬಲಗೊಳಿಸಿದ ಜೀವಂತ ವೈರಸ್ ಇರುತ್ತೆ. ತುಂಬಾ ಅಪರೂಪಕ್ಕೆ ಅದರಿಂದಲೂ ಲಕ್ವ ಆಗಬಹುದು. ಲಸಿಕೆ ಹಾಕಿಸದ ಮಕ್ಕಳು ಜಾಸ್ತಿ ಇರೋ ಕಡೆ ಅದು ಹರಡಿ ಮತ್ತೆ ಬಲ ಪಡೆಯುತ್ತೆ. ಅದಕ್ಕೇ 2015ರಿಂದ ನಮ್ಮಲ್ಲಿ ಹನಿಯ ಜೊತೆ ಪೋಲಿಯೊ ಇಂಜೆಕ್ಷನ್ನೂ ಕೊಡ್ತಾರೆ. ಪಾಕಿಸ್ತಾನ, ಅಫ್ಘಾನಿಸ್ತಾನದಲ್ಲಿ ವೈಲ್ಡ್ ವೈರಸ್ ಇನ್ನೂ ಇದೆ. ಅಂದ್ರೆ ಕೆಲಸ ಮುಗಿದಿಲ್ಲ.

ಪ್ರಶ್ನೆ ಕೇಳೋಣ. ಯಾವ ಲಸಿಕೆ, ಏನು ಅಡ್ಡಪರಿಣಾಮ, ನಮ್ಮ ಕೇರಿಗೆ ಹನಿ ಬಂದಷ್ಟು ಬೇಗ ಒಳಚರಂಡಿ ಯಾಕೆ ಬರಲಿಲ್ಲ ಅಂತ ಕೇಳೋಣ. ಟಸ್ಕೆಗಿಯ ಆ ಗಂಡಸರಿಗೆ ಔಷಧಿ ಕೊಡದೇ ಇದ್ದದ್ದು ಅನ್ಯಾಯ. ನಮ್ಮ ಮಗುವಿಗೆ ನಾವೇ ಲಸಿಕೆ ತಪ್ಪಿಸಿದರೆ ಅದೇ ಅನ್ಯಾಯವನ್ನು ನಮ್ಮ ಕೈಯಾರೆ ಮಾಡಿದ ಹಾಗೆ.

ಮೊನ್ನೆ ಆ ಹುಡುಗನ ಮನೆಗೆ ಹೋಗಿ ಇದನ್ನೆಲ್ಲಾ ಹೇಳಿದೆ. ಮೊದಲು ಅರ್ಧ ಹೇಳಿದ್ದಕ್ಕೆ ತಪ್ಪಾಯ್ತು ಅಂತಲೂ ಅಂದೆ. ಅವನು ಏನೂ ಮಾತಾಡಲಿಲ್ಲ. ಅವನ ಹೆಂಡತಿ ಒಳಗಿಂದ ತಾಯಿ ಕಾರ್ಡ್ ತಂದು, "ಗುರುವಾರ ಅಂಗನವಾಡಿಗೆ ಸಿಸ್ಟರ್ ಬರ್ತಾರಲ್ವಾ ಅಣ್ಣಾ?" ಅಂತ ಕೇಳಿದಳು. ಬರ್ತಾರಮ್ಮಾ ಅಂದೆ.

ಮುಂದಿನ ಕ್ಯಾಂಪಿನಲ್ಲಿ ಎರಡೂ ಟಸ್ಕೆಗಿಯನ್ನು ಹೇಳ್ತೀನಿ. ನೀವೂ ಹೇಳಿ.

ಜೈಭೀಮ್.