ನಾಯಿಯ ಜೀರ್ಣಾರೋಗ್ಯಕ್ಕೆ ಪ್ರೋಬಯೋಟಿಕ್: ಉಪಯೋಗವೆಷ್ಟು, ಮಿತಿ ಎಲ್ಲಿ?

ಕಡೂರು: ಸಾಕುನಾಯಿಗೆ ಭೇದಿಯಾದರೆ ಒಂದು ಹೊತ್ತು ಉಪವಾಸ ಕೆಡವಿ, ಮರು ಹೊತ್ತಿಗೆ ಮೊಸರನ್ನ ಕಲಸಿ ಹಾಕುವುದು ಕಡೂರು, ತರೀಕೆರೆ ಮತ್ತು ಅಜ್ಜಂಪುರ ಸೀಮೆಯ ಮನೆಗಳಲ್ಲಿ ಬಹುಕಾಲದ ರೂಢಿ. ಈಗ ಆ ಮೊಸರಿನ ಪಕ್ಕದಲ್ಲಿ ಪ್ರೋಬಯೋಟಿಕ್ ಎಂಬ ಹೆಸರಿನ ಪುಡಿ, ಮಾತ್ರೆ ಹಾಗೂ ಪೇಸ್ಟ್‌ಗಳೂ ಬಂದು ಕುಳಿತಿವೆ. ಪಶು ಔಷಧ ಮಳಿಗೆಗಳಲ್ಲಿಯೂ ಅಂತರ್ಜಾಲದ ಅಂಗಡಿಗಳಲ್ಲಿಯೂ ಇವು ವೈದ್ಯರ ಚೀಟಿಯಿಲ್ಲದೆಯೇ ದೊರೆಯುತ್ತವೆ. ಕುರಿರೊಪ್ಪವನ್ನು ಕಾಯುವ ನಾಯಿಯಿಂದ ಹಿಡಿದು ಪಟ್ಟಣದ ಮನೆಯೊಳಗಿನ ಲ್ಯಾಬ್ರಡಾರ್‌ವರೆಗೆ ಎಲ್ಲಕ್ಕೂ ಇದೇ ಪರಿಹಾರ ಎಂಬ ಭಾವನೆ ಬೆಳೆಯುತ್ತಿದೆ.

ಈ ಪೂರಕಗಳಿಂದ ಪ್ರಯೋಜನವುಂಟು. ಆದರೆ ಅದು ಮಿತವಾದದ್ದು. ಸಾಧಾರಣ ಭೇದಿಯಿಂದ ಚೇತರಿಸಿಕೊಳ್ಳುವ ಆರೋಗ್ಯವಂತ ನಾಯಿಗೆ ಇವು ಒಂದೆರಡು ದಿನಗಳ ಮಟ್ಟಿಗೆ ನೆರವಾಗಬಲ್ಲವು. ಭೇದಿಯ ಕಾರಣವನ್ನು ಇವು ಗುಣಪಡಿಸುವುದಿಲ್ಲ. ಪೊಟ್ಟಣವನ್ನು ನಂಬಿ ಕಾಯುತ್ತ ಕುಳಿತ ಎರಡು ದಿನಗಳೇ ಎಳೆಯ ಮರಿಯ ಪ್ರಾಣಕ್ಕೆ ಎರವಾಗುವ ಸಂದರ್ಭಗಳಿವೆ.

ಏನಿದು ಪ್ರೋಬಯೋಟಿಕ್?

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹಾಗೂ ವಿಶ್ವ ಆರೋಗ್ಯ ಸಂಸ್ಥೆಗಳ ತಜ್ಞರು 2001ರಲ್ಲಿ ಸೇರಿ ಇದಕ್ಕೊಂದು ವ್ಯಾಖ್ಯೆ ನೀಡಿದರು. ಸಾಕಷ್ಟು ಪ್ರಮಾಣದಲ್ಲಿ ಸೇವಿಸಿದಾಗ ದೇಹಕ್ಕೆ ಹಿತವನ್ನುಂಟುಮಾಡುವ ಜೀವಂತ ಸೂಕ್ಷ್ಮಜೀವಿಗಳೇ ಪ್ರೋಬಯೋಟಿಕ್‌ಗಳು ಎಂಬುದು ಅದರ ಸಾರ. ಜೀವಂತವಾಗಿರಬೇಕು, ಸಾಕಷ್ಟು ಇರಬೇಕು, ಹಿತ ಸಾಬೀತಾಗಿರಬೇಕು - ಈ ಮೂರು ಷರತ್ತುಗಳಲ್ಲಿ ಒಂದು ತಪ್ಪಿದರೂ ಆ ಹೆಸರು ಸಲ್ಲದು.

ಈ ಚಿಂತನೆ ಹೊಸತೇನಲ್ಲ. 1908ರಲ್ಲಿ ನೊಬೆಲ್ ಪ್ರಶಸ್ತಿಗೆ ಪಾತ್ರನಾದ ವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಹುಳಿ ಹಾಲಿನ ಬ್ಯಾಕ್ಟೀರಿಯಾಗಳು ಕರುಳಿನ ಕೊಳೆತವನ್ನು ತಡೆದು ಆಯುಷ್ಯವನ್ನು ವೃದ್ಧಿಸುತ್ತವೆ ಎಂದು ಪ್ರತಿಪಾದಿಸಿದ್ದ. ಇಂದು ನಾಯಿಗಳ ಪೂರಕಗಳಲ್ಲಿ ಸಾಮಾನ್ಯವಾಗಿ ಕಂಡುಬರುವುದು ಎಂಟರೋಕಾಕಸ್ ಫೀಷಿಯಮ್, ಲ್ಯಾಕ್ಟೋಬ್ಯಾಸಿಲಸ್, ಬೈಫಿಡೋಬ್ಯಾಕ್ಟೀರಿಯಮ್ ಮತ್ತು ಬ್ಯಾಸಿಲಸ್ ಗುಂಪಿನ ಬ್ಯಾಕ್ಟೀರಿಯಾಗಳು ಹಾಗೂ ಸ್ಯಾಕರೋಮೈಸಿಸ್ ಬೌಲಾರ್ಡಿ ಎಂಬ ಯೀಸ್ಟ್.

ನಾಯಿಯ ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸಹಜವಾಗಿಯೇ ನೆಲೆಸಿವೆ. ಅವು ನಾರನ್ನು ಹುದುಗಿಸಿ ಕರುಳಿನ ಒಳಪೊರೆಗೆ ಆಹಾರ ಒದಗಿಸುತ್ತವೆ, ಪಿತ್ತರಸದ ಆಮ್ಲಗಳನ್ನು ಪರಿವರ್ತಿಸುತ್ತವೆ, ರೋಗಾಣುಗಳಿಗೆ ಜಾಗ ಸಿಗದಂತೆ ನೋಡಿಕೊಳ್ಳುತ್ತವೆ. ಆಹಾರದ ಹಠಾತ್ ಬದಲಾವಣೆ, ಸೋಂಕು ಅಥವಾ ಆಂಟಿಬಯೋಟಿಕ್‌ಗಳಿಂದ ಈ ಸಮತೋಲ ತಪ್ಪುತ್ತದೆ. ಪ್ರೋಬಯೋಟಿಕ್‌ಗಳು ಕರುಳಿನಲ್ಲಿ ಶಾಶ್ವತವಾಗಿ ನೆಲೆಯೂರುವುದಿಲ್ಲ. ಹಾದುಹೋಗುವಾಗ ಆಮ್ಲವನ್ನು ಉತ್ಪಾದಿಸಿ ರೋಗಾಣುಗಳನ್ನು ಹತ್ತಿಕ್ಕುವುದು, ದೇಹದ ರಕ್ಷಣಾ ವ್ಯವಸ್ಥೆಯನ್ನು ಪ್ರಚೋದಿಸುವುದು ಇವುಗಳ ಕೆಲಸ. ಕೊಡುವುದನ್ನು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಇವು ಮಲದ ಮೂಲಕ ಹೊರಹೋಗುತ್ತವೆ.

ಮೊಸರು ಸಾಲದೇ?

ಮನೆಯ ಮೊಸರಿನಲ್ಲಿ ಹಾಲನ್ನು ಹುಳಿಯಾಗಿಸುವ ಬ್ಯಾಕ್ಟೀರಿಯಾಗಳು ಜೀವಂತವಾಗಿರುವುದು ನಿಜ. ಆದರೆ ಹೆಪ್ಪಿನಿಂದ ಹೆಪ್ಪಿಗೆ, ಮನೆಯಿಂದ ಮನೆಗೆ ಅವುಗಳ ಜಾತಿಯೂ ಸಂಖ್ಯೆಯೂ ಬದಲಾಗುತ್ತವೆ. ಜಠರದ ಆಮ್ಲವನ್ನು ದಾಟಿ ಎಷ್ಟು ಉಳಿಯುತ್ತವೆ ಎಂಬುದೂ ನಿಶ್ಚಿತವಲ್ಲ. ಆದ್ದರಿಂದ ಮೊಸರನ್ನು ಒಳ್ಳೆಯ ಆಹಾರವೆನ್ನಬಹುದೇ ಹೊರತು ಔಷಧವೆನ್ನಲಾಗದು.

ಇನ್ನೊಂದು ಅಂಶವೂ ಗಮನಾರ್ಹ. ಬೆಳೆದ ನಾಯಿಗಳಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಶಕ್ತಿ ಕುಗ್ಗಿರುತ್ತದೆ. ಮೊಸರಿನಲ್ಲಿ ಈ ಸಕ್ಕರೆ ಹಾಲಿಗಿಂತ ಕಡಿಮೆಯಿರುವುದರಿಂದ ಹೆಚ್ಚಿನ ನಾಯಿಗಳು ಒಂದೆರಡು ಚಮಚ ಮೊಸರನ್ನು ತಾಳಿಕೊಳ್ಳುತ್ತವೆ. ಬಟ್ಟಲುಗಟ್ಟಲೆ ಸುರಿದರೆ ಭೇದಿ ಹೆಚ್ಚಲೂಬಹುದು. ಭೇದಿಯಿರುವಾಗ ಹಾಲನ್ನಂತೂ ಕೊಡಲೇಬಾರದು.

ರಾಗಿಮುದ್ದೆ, ಅನ್ನ ತಿಂದು ಬೆಳೆಯುವ ನಾಯಿಗೆ ಪಿಷ್ಟ ಅರಗದು ಎಂಬ ಮಾತೂ ಕೇಳಿಬರುತ್ತದೆ. ಇದು ಸರಿಯಲ್ಲ. ಪಿಷ್ಟವನ್ನು ಒಡೆಯುವ ಅಮೈಲೇಸ್ ಕಿಣ್ವದ ವಂಶವಾಹಿಯ ಪ್ರತಿಗಳು ತೋಳದಲ್ಲಿ ಎರಡೇ ಇದ್ದರೆ, ನಾಯಿಗಳಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇವೆ ಎಂದು 2013ರಲ್ಲಿ ಪ್ರಕಟವಾದ ಸ್ವೀಡನ್ನಿನ ವಿಜ್ಞಾನಿಗಳ ಸಂಶೋಧನೆ ತೋರಿಸಿತು. ಮನುಷ್ಯನ ಒಡನಾಟದಲ್ಲಿ ನಾಯಿಯ ಕರುಳು ಧಾನ್ಯಕ್ಕೆ ಒಗ್ಗಿಕೊಂಡಿದೆ. ಆದರೆ ಮುದ್ದೆಯೊಂದರಿಂದಲೇ ಅದಕ್ಕೆ ಬೇಕಾದ ಪ್ರೋಟೀನ್ ದೊರೆಯದು. ಮೊಟ್ಟೆ, ಮಾಂಸ ಅಥವಾ ಸಮತೋಲಿತ ಸಿದ್ಧ ಆಹಾರ ಜೊತೆಗಿರಬೇಕು.

ಅಧ್ಯಯನಗಳು ಹೇಳುವುದೇನು?

ಬೈಫಿಡೋಬ್ಯಾಕ್ಟೀರಿಯಮ್ ಅನಿಮಾಲಿಸ್‌ನ ಎಎಚ್‌ಸಿ7 ಎಂಬ ತಳಿಯನ್ನು ನೀಡಿದ ನಾಯಿಗಳಲ್ಲಿ ಭೇದಿ ಸರಾಸರಿ 3.9 ದಿನಗಳಲ್ಲಿ ನಿಂತರೆ, ನೀಡದವುಗಳಲ್ಲಿ 6.6 ದಿನ ಹಿಡಿಯಿತು ಎಂದು 2009ರಲ್ಲಿ ಪ್ರಕಟವಾದ ಅಧ್ಯಯನ ದಾಖಲಿಸಿದೆ. ಇದು ಉತ್ಸಾಹ ತರುವ ಫಲಿತಾಂಶ.

ಅಮೆರಿಕದಲ್ಲಿ 60 ನಾಯಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದ ಫಲಿತಾಂಶ ಅಷ್ಟು ಸ್ಪಷ್ಟವಾಗಿಲ್ಲ. ಹಲವು ತಳಿಗಳ ಪ್ರೋಬಯೋಟಿಕ್ ಪಡೆದ ನಾಯಿಗಳು ಸರಾಸರಿ 3.5 ದಿನಗಳಲ್ಲಿ, ಮೆಟ್ರೋನಿಡಜೋಲ್ ಪಡೆದವು 4.6 ದಿನಗಳಲ್ಲಿ, ಏನೂ ಔಷಧವಿಲ್ಲದ ಹುಸಿ ಮಾತ್ರೆ ಪಡೆದವು 4.8 ದಿನಗಳಲ್ಲಿ ಚೇತರಿಸಿಕೊಂಡವು. ಈ ಅಂತರ ಆಕಸ್ಮಿಕವಲ್ಲ ಎಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ. ಅದೇ ವರ್ಷ ಹೊರಬಂದ ಸಮಗ್ರ ವಿಮರ್ಶೆಯೊಂದು, ಹಠಾತ್ ಭೇದಿಯಲ್ಲಿ ಪ್ರೋಬಯೋಟಿಕ್‌ನ ಪರಿಣಾಮ ಅಲ್ಪವೆಂದೂ ಅದು ಚಿಕಿತ್ಸೆಯ ದೃಷ್ಟಿಯಿಂದ ಮಹತ್ವದ್ದಲ್ಲದೆ ಇರಬಹುದೆಂದೂ ಅಭಿಪ್ರಾಯಪಟ್ಟಿತು.

ಈ ಪ್ರಯೋಗದಿಂದ ಮತ್ತೊಂದು ಪಾಠವೂ ದೊರೆಯುತ್ತದೆ. ನಾಯಿಗೆ ಭೇದಿಯಾದೊಡನೆ ಮನುಷ್ಯರ ಔಷಧ ಅಂಗಡಿಯಿಂದ ಮೆಟ್ರೋನಿಡಜೋಲ್ ತಂದು ನುಂಗಿಸುವ ಅಭ್ಯಾಸ ಹಲವರಲ್ಲಿದೆ. ಅದರಿಂದ ದೊಡ್ಡ ಲಾಭವಿಲ್ಲ; ಬದಲಾಗಿ ಕರುಳಿನ ಹಿತಕರ ಬ್ಯಾಕ್ಟೀರಿಯಾಗಳು ನಾಶವಾಗಿ, ಸಮತೋಲ ಮರಳಲು ವಾರಗಳೇ ಹಿಡಿಯಬಹುದು. ಸಾಧಾರಣ ಭೇದಿಗೆ ಮೊದಲು ಬೇಕಾದುದು ನೀರು, ಹಗುರ ಆಹಾರ ಮತ್ತು ವಿಶ್ರಾಂತಿ.

ಕೊಳ್ಳುವ ಮುನ್ನ

ಕೆನಡಾದ ಸಂಶೋಧಕರು 25 ಪ್ರೋಬಯೋಟಿಕ್ ಉತ್ಪನ್ನಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಲೇಬಲ್ ಸಮರ್ಪಕವಾಗಿದ್ದು, ಅದರಲ್ಲಿ ಹೇಳಿದಷ್ಟು ಜೀವಾಣುಗಳೂ ಇದ್ದ ಉತ್ಪನ್ನಗಳು ಕೇವಲ ಎರಡು. ಆದ್ದರಿಂದ ಕೊಳ್ಳುವಾಗ ಕೆಳಗಿನ ಅಂಶಗಳನ್ನು ಗಮನಿಸುವುದು ಒಳಿತು.

* ಜೀವಾಣುವಿನ ಜಾತಿಯಷ್ಟೇ ಅಲ್ಲದೆ ತಳಿಯ ಸಂಕೇತವೂ ಮುದ್ರಿತವಾಗಿರಬೇಕು. ಒಂದು ತಳಿಯ ಗುಣ ಇನ್ನೊಂದಕ್ಕೆ ಇರುವುದಿಲ್ಲ.
* ಸಿಎಫ್‌ಯು ಎಂಬ ಮಾನದಲ್ಲಿ ಜೀವಂತ ಜೀವಾಣುಗಳ ಸಂಖ್ಯೆ ಇರಬೇಕು. ಉತ್ಪನ್ನಕ್ಕೆ ತಕ್ಕಂತೆ ಇದು ದಿನಕ್ಕೆ 10 ಕೋಟಿಯಿಂದ ಹಲವು ಸಾವಿರ ಕೋಟಿಯವರೆಗೆ ಇರುತ್ತದೆ. ತಯಾರಿಕೆಯ ದಿನದ ಸಂಖ್ಯೆಗಿಂತ ಬಳಕೆಯ ಕೊನೆಯ ದಿನದವರೆಗಿನ ಭರವಸೆ ಮುಖ್ಯ.
* ಶೇಖರಣೆಯ ಸೂಚನೆ ಓದಬೇಕು. ಬಯಲುಸೀಮೆಯ ಬೇಸಿಗೆಯಲ್ಲಿ ಬಿಸಿಲಿಗೆ ಕಾದ ಕೋಣೆಯಲ್ಲಿಟ್ಟ ಪುಡಿಯಲ್ಲಿ ಜೀವಾಣುಗಳು ಸಾಯುತ್ತವೆ. ಬೀಜಕಗಳನ್ನು ರೂಪಿಸುವ ಬ್ಯಾಸಿಲಸ್ ಗುಂಪಿನವು ಬಿಸಿಯನ್ನು ಹೆಚ್ಚು ತಾಳುತ್ತವೆ. ಲ್ಯಾಕ್ಟೋಬ್ಯಾಸಿಲಸ್ ಸ್ಪೋರೋಜೀನ್ಸ್ ಎಂಬ ಹಳೆಯ ಹೆಸರಿನಲ್ಲಿ ಮಾರಾಟವಾಗುವುದೂ ಇದೇ ಗುಂಪಿನ ಬ್ಯಾಸಿಲಸ್ ಕೊಯಾಗ್ಯುಲನ್ಸ್.
* ಮನುಷ್ಯರಿಗಾಗಿ ತಯಾರಾದ ಸಿಹಿ ಮಾತ್ರೆಗಳಲ್ಲಿ ಕ್ಸೈಲಿಟಾಲ್ ಎಂಬ ಕೃತಕ ಸಿಹಿ ಇರಬಹುದು. ಅದು ನಾಯಿಯ ರಕ್ತದ ಸಕ್ಕರೆಯನ್ನು ದಿಢೀರನೆ ಇಳಿಸಿ ಯಕೃತ್ತಿಗೂ ಹಾನಿ ಮಾಡುವ ವಿಷ.

ಕೊಡುವ ಕ್ರಮ

ಪುಡಿಯನ್ನು ಆಹಾರದೊಂದಿಗೆ ಕಲಸಿ ಕೊಡಬಹುದು. ಬಿಸಿ ಮುದ್ದೆಗೋ ಬಿಸಿ ಸಾರಿಗೋ ಬೆರೆಸಿದರೆ ಜೀವಾಣುಗಳು ಸಾಯುವುದರಿಂದ ಆಹಾರ ಆರಿದ ಮೇಲಷ್ಟೇ ಬೆರೆಸಬೇಕು. ಪ್ರಮಾಣ ಉತ್ಪನ್ನದಿಂದ ಉತ್ಪನ್ನಕ್ಕೆ ಬೇರೆಯಾಗುವುದರಿಂದ ಲೇಬಲ್ ಅಥವಾ ಪಶುವೈದ್ಯರ ಸೂಚನೆಯನ್ನು ಅನುಸರಿಸಬೇಕು. ಆಂಟಿಬಯೋಟಿಕ್ ನಡೆಯುತ್ತಿದ್ದರೆ ಎರಡರ ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಯೀಸ್ಟ್ ಆಗಿರುವ ಸ್ಯಾಕರೋಮೈಸಿಸ್ ಬೌಲಾರ್ಡಿಯನ್ನು ಆಂಟಿಬಯೋಟಿಕ್‌ಗಳು ಕೊಲ್ಲುವುದಿಲ್ಲ.

ಆರಂಭದಲ್ಲಿ ಹೊಟ್ಟೆಯುಬ್ಬರ, ಹೂಸು ಕಾಣಿಸಿಕೊಳ್ಳಬಹುದು. ಆರೋಗ್ಯವಂತ ನಾಯಿಗಳಲ್ಲಿ ಇದಕ್ಕಿಂತ ಹೆಚ್ಚಿನ ತೊಂದರೆ ವಿರಳ. ತೀವ್ರ ಅಸ್ವಸ್ಥ ನಾಯಿಗೆ ಅಥವಾ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧ ಪಡೆಯುತ್ತಿರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಪೂರಕದೊಂದಿಗೆ ಮೃದುವಾಗಿ ಬೇಯಿಸಿದ ಅನ್ನ, ಉಪ್ಪು ಖಾರವಿಲ್ಲದ ಬೇಯಿಸಿದ ಕೋಳಿಮಾಂಸ ಅಥವಾ ಸ್ವಲ್ಪ ಬೇಯಿಸಿದ ಕುಂಬಳಕಾಯಿಯನ್ನು ದಿನಕ್ಕೆ ಮೂರು ನಾಲ್ಕು ಬಾರಿ ಚಿಕ್ಕ ಪ್ರಮಾಣದಲ್ಲಿ ನೀಡಬೇಕು. ಎಳೆಯ ಮರಿಗಳನ್ನು ಉಪವಾಸ ಕೆಡವಬಾರದು. ಅವುಗಳ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ.

ಮೂಲ ಕಾರಣ ಹುಡುಕಿ

ಭೇದಿ ಮರುಕಳಿಸುತ್ತಿದ್ದರೆ ನಾಯಿ ಏನು ತಿನ್ನುತ್ತಿದೆ ಎಂಬುದನ್ನು ಮೊದಲು ನೋಡಬೇಕು. ಈ ಮೂರು ತಾಲ್ಲೂಕುಗಳ ಕೃಷಿ ಮತ್ತು ಪಶುಪಾಲನೆಯೇ ಇದಕ್ಕೆ ಕೆಲವು ಸುಳಿವುಗಳನ್ನು ನೀಡುತ್ತದೆ.

ಕುರಿ ಸಾಕಣೆ ಕಡೂರು ಭಾಗದ ಪ್ರಮುಖ ಕಸುಬುಗಳಲ್ಲೊಂದು. ಕುರಿ ಕುಯ್ದ ಸ್ಥಳದಲ್ಲಿ ಎಸೆದ ಹಸಿ ಶ್ವಾಸಕೋಶ, ಯಕೃತ್ತುಗಳನ್ನು ತಿಂದ ನಾಯಿಗೆ ಎಕಿನೊಕಾಕಸ್ ಎಂಬ ಲಾಡಿಹುಳು ಅಂಟಬಹುದು. ನಾಯಿಗೆ ಇದರಿಂದ ಹೆಚ್ಚಿನ ಬಾಧೆ ಕಾಣಿಸದಿದ್ದರೂ, ಮಲದ ಮೂಲಕ ಹೊರಬಂದ ಮೊಟ್ಟೆಗಳು ಮನುಷ್ಯರ ದೇಹ ಸೇರಿದರೆ ಯಕೃತ್ತು, ಶ್ವಾಸಕೋಶಗಳಲ್ಲಿ ನೀರುಗುಳ್ಳೆಗಳಾಗಿ ಬೆಳೆಯುತ್ತವೆ. ಇದಕ್ಕೆ ಪ್ರಾಜಿಕ್ವಾಂಟೆಲ್ ಇರುವ ಜಂತುನಾಶಕವೇ ಬೇಕು. ಕೊಕ್ಕೆಹುಳು ಮತ್ತು ದುಂಡುಹುಳುಗಳು ಮರಿಗಳಲ್ಲಿ ರಕ್ತಹೀನತೆ, ಭೇದಿಗಳನ್ನು ಉಂಟುಮಾಡುತ್ತವೆ. ಮರಿಗಳಿಗೆ ಎರಡು ವಾರದ ಪ್ರಾಯದಿಂದಲೇ ಜಂತುನಾಶಕ ಆರಂಭಿಸಿ, ದೊಡ್ಡ ನಾಯಿಗಳಿಗೆ ಮೂರು ತಿಂಗಳಿಗೊಮ್ಮೆ ನೀಡುವುದು ಸಾಮಾನ್ಯ ಪದ್ಧತಿ. ಹುಳುವಿರುವ ಹೊಟ್ಟೆಗೆ ಎಷ್ಟು ಪ್ರೋಬಯೋಟಿಕ್ ಸುರಿದರೂ ವ್ಯರ್ಥ.

ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾದ ಅಜ್ಜಂಪುರ, ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರಕ್ಕೆ ಎಷ್ಟು ಹೆಸರುವಾಸಿಯೋ ಈರುಳ್ಳಿ ಬೆಳೆಗೂ ಅಷ್ಟೇ ಹೆಸರುವಾಸಿ. ಆದರೆ ನಾಯಿಗೆ ಈರುಳ್ಳಿ ವಿಷ. ಅದು ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ದೇಹತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ತಿಂದ ನಾಯಿಗಳಲ್ಲಿ ರಕ್ತದ ಗಂಭೀರ ಬದಲಾವಣೆಗಳು ಕಂಡುಬಂದಿವೆ. ಅಂದರೆ 10 ಕಿಲೋ ತೂಕದ ನಾಯಿಗೆ 150 ಗ್ರಾಂ ಸಾಕು. ಬೇಯಿಸಿದರೂ ಹುರಿದರೂ ವಿಷ ಹೋಗದು. ಮೊದಲು ವಾಂತಿ ಭೇದಿ, ಕೆಲವು ದಿನಗಳ ಅನಂತರ ಬಿಳಿಚಿದ ಒಸಡು, ಕಂದು ಬಣ್ಣದ ಮೂತ್ರ ಕಾಣಿಸುತ್ತವೆ. ಈರುಳ್ಳಿ ಹಾಕಿದ ಸಾರನ್ನು ನಿತ್ಯ ಮುದ್ದೆಗೆ ಕಲಸುವ ರೂಢಿಯನ್ನು ಬಿಡಬೇಕು. ಹಬ್ಬ, ಜಾತ್ರೆಗಳ ಬಾಡೂಟದ ಕೊಬ್ಬು ಮೇದೋಜೀರಕ ಗ್ರಂಥಿಯ ಉರಿಯೂತಕ್ಕೂ, ಬೆಂದ ಮೂಳೆಯ ಚೂರುಗಳು ಕರುಳಿನ ಗಾಯಕ್ಕೂ ಕಾರಣವಾಗಬಲ್ಲವು.

ಕಾಯಬಾರದ ಲಕ್ಷಣಗಳು

ಲಸಿಕೆ ಪಡೆಯದ ಮರಿ ಮಂಕಾಗಿ, ಆಹಾರ ಬಿಟ್ಟು, ವಾಂತಿಯೊಡನೆ ದುರ್ವಾಸನೆಯ ರಕ್ತಭೇದಿ ಮಾಡುತ್ತಿದ್ದರೆ ಅದು ಪಾರ್ವೊ ವೈರಸ್ ಸೋಂಕಾಗಿರಬಹುದು. 1978ರ ಸುಮಾರಿಗೆ ಗುರುತಿಸಲ್ಪಟ್ಟು ಅಲ್ಪಾವಧಿಯಲ್ಲೇ ಜಗತ್ತನ್ನು ವ್ಯಾಪಿಸಿದ ಈ ವೈರಸ್ ಕರುಳಿನ ಒಳಪೊರೆಯ ಜೀವಕೋಶಗಳನ್ನೂ ಬಿಳಿ ರಕ್ತಕಣಗಳನ್ನೂ ನಾಶಪಡಿಸುತ್ತದೆ. ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನ ಮರಿಗಳು ಕೆಲವೇ ದಿನಗಳಲ್ಲಿ ಸಾಯುತ್ತವೆ. ಸಕಾಲದಲ್ಲಿ ರಕ್ತನಾಳದ ಮೂಲಕ ದ್ರವ ಮತ್ತು ಇತರ ಆರೈಕೆ ದೊರೆತರೆ ಹೆಚ್ಚಿನವು ಬದುಕುತ್ತವೆ. ಇಲ್ಲಿ ಮೊಸರಿಗೂ ಪೊಟ್ಟಣಕ್ಕೂ ಕಾಯುವ ಅವಕಾಶವಿಲ್ಲ. ಆರರಿಂದ ಎಂಟು ವಾರದ ಪ್ರಾಯದಲ್ಲಿ ಆರಂಭಿಸಿ, ಹದಿನಾರು ವಾರಗಳವರೆಗೆ ಮೂರು ನಾಲ್ಕು ವಾರಕ್ಕೊಮ್ಮೆ ನೀಡುವ ಲಸಿಕೆಯೇ ಇದಕ್ಕೆ ರಕ್ಷಣೆ.

ದೊಡ್ಡ ನಾಯಿಗಳಲ್ಲಿಯೂ ಮಲದಲ್ಲಿ ರಕ್ತ, ನಿಲ್ಲದ ವಾಂತಿ, ಜ್ವರ, ಹೊಟ್ಟೆ ಬಿಗಿತ ಕಂಡುಬಂದರೆ, ಅಥವಾ ಹೆಗಲ ಮೇಲಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ತಕ್ಷಣ ಮರಳದಿದ್ದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಬೇಕು. ಸಾಧಾರಣ ಭೇದಿ ಎರಡು ದಿನಗಳಲ್ಲಿ ಇಳಿಮುಖವಾಗದಿದ್ದರೂ ತಪಾಸಣೆ ಅಗತ್ಯ. ಮೂರು ವಾರ ಮೀರಿದ ಭೇದಿಯನ್ನು ದೀರ್ಘಕಾಲದ ಕರುಳಿನ ರೋಗವೆಂದು ಪರಿಗಣಿಸಿ ಮಲ, ರಕ್ತ ಪರೀಕ್ಷೆಗಳನ್ನು ಮಾಡಲಾಗುತ್ತದೆ.

ತಾಲ್ಲೂಕು ಕೇಂದ್ರಗಳಲ್ಲಿರುವ ಸರಕಾರಿ ಪಶು ಆಸ್ಪತ್ರೆಗಳು ದನಕರುಗಳಿಗೆ ಮಾತ್ರ ಮೀಸಲಲ್ಲ. ನಾಯಿಗಳಿಗೂ ಅಲ್ಲಿ ಚಿಕಿತ್ಸೆ ದೊರೆಯುತ್ತದೆ. ಹೆಚ್ಚಿನ ತಪಾಸಣೆಗೆ ಈ ಭಾಗದವರಿಗೆ ನೆರೆಯ ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯ, ರಾಜಧಾನಿಯವರಿಗೆ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಹೋಗುವಾಗ ಶುದ್ಧ ಡಬ್ಬಿಯಲ್ಲಿ ಅಂದಿನ ಮಲದ ಮಾದರಿಯನ್ನೂ, ಈವರೆಗೆ ಕೊಟ್ಟ ಔಷಧ ಪೂರಕಗಳ ಪೊಟ್ಟಣಗಳನ್ನೂ, ಲಸಿಕೆಯ ಪುಸ್ತಕವನ್ನೂ ಒಯ್ದರೆ ರೋಗಪತ್ತೆ ಸುಲಭವಾಗುತ್ತದೆ.